ನಮ್ಮ ಲಾರಿಯ ಜ್ವರ

ಮುಂದಿನ ಸಂಚಿಕೆಗೆ ಮಕ್ಕಳ ಕೈಬರಹದ ವಿಷಯ ಬರೆಯುವುದಾಗಿ ಕಳೆದ ತಿಂಗಳು ವಾಚಕರಿಗೆ ಮಾತು ಕೊಟ್ಟಿದ್ದೆವು. ಆ ಮಾತನ್ನು ಈ ಸಲ ನಡೆಸಲಾಗಲಿಲ್ಲ, ಕ್ಷಮಿಸಬೇಕು. ದಸರೆಯ ರಜೆಯೆಲ್ಲ ಸಿ. ಬೆಳಗಲ್ಲಿನ ನಮ್ಮ ಮನೆಯಂಗಳದಲ್ಲಿ ಒಂದು ಹಳೆಯ ಲಾರಿಯ ಸುತ್ತಲೇ ಕಳೆದುಹೋಯಿತು. ಗೃಹಸ್ಥರ ಪತ್ರಿಕೆಯಲ್ಲಿ ಲಾರಿಯ ಪುರಾಣವೇಕೆ ಎಂದು ಸೋದರಿಯರು ಕೇಳಬಹುದು. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಲಾರಿಯೆಂಬುದು ಕೊಟ್ಟಿಗೆಯ ಎತ್ತಿನ ಹಾಗೆಯೇ ಮನೆಯ ಒಂದು ಜೀವ. ಅದು ಮಲಗಿದರೆ ಒಲೆಯ ಮುಂದೆ ಕುಳಿತವರಿಗೂ ಅದರ ಬಿಸಿ ತಟ್ಟುತ್ತದೆ.

ಈ ಲಾರಿಯನ್ನು ನಮ್ಮ ತಂದೆಯವರು 1988ರಲ್ಲಿ ಆದೋನಿಯ ಹತ್ತಿ ವ್ಯಾಪಾರಿಯೊಬ್ಬರಿಂದ ಹಳೆಯದಾಗಿಯೇ ಕೊಂಡರು. ಅವರು ಓದಿದ್ದು ಆದೋನಿಯಲ್ಲಿ. 1953ರ ಅಕ್ಟೋಬರ್ 1ರವರೆಗೆ ಆ ಊರು ಬಳ್ಳಾರಿ ಜಿಲ್ಲೆಗೆ ಸೇರಿದ್ದುದರಿಂದ ಅವರ ಲೆಕ್ಕಪತ್ರಗಳೆಲ್ಲ ಕಡೆಯವರೆಗೂ ಕನ್ನಡದಲ್ಲಿಯೇ ಇದ್ದವು. ಲಾರಿಯ ಖರೀದಿಯ ಚೀಟಿಯೂ ಕನ್ನಡದ್ದೇ. ಟಾಟಾ ಸಂಸ್ಥೆಯವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯ ಸಹಯೋಗದಿಂದ 1954ರಲ್ಲಿ ಜಮ್‌ಷೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿದರು. ಆ ಒಪ್ಪಂದ 1969ರಲ್ಲಿ ಮುಗಿದು ಲಾರಿಯ ಮುಖದ ಮೇಲಿನ ನಕ್ಷತ್ರ ಹೋಯಿತಾದರೂ ನಮ್ಮ ಹಿರಿಯರ ಬಾಯಲ್ಲಿ ಅದು ಬಹುಕಾಲ ‘ಬೆಂಜ್ ಲಾರಿ’ಯೇ ಆಗಿತ್ತು. ನಮ್ಮದೂ ಅದೇ ವಂಶದ್ದು. ಆರು ಸಿಲಿಂಡರುಗಳ ಡೀಸೆಲ್ ಇಂಜಿನ್. ಮುಂದೆ ಹೇಳಲಿರುವ ಕಾಯಿಲೆಯಲ್ಲಿ ತಯಾರಿಸಿದವರ ತಪ್ಪು ಎಳ್ಳಷ್ಟೂ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ.

ತಂದೆಯವರ ತರುವಾಯ ಲಾರಿಯನ್ನು ನಡೆಸಿಕೊಂಡು ಬಂದವನು ನಮ್ಮ ಅಣ್ಣ. ಉಳ್ಳಾಗಡ್ಡಿ, ಸೇಂಗಾ, ಹತ್ತಿ, ಗೊಬ್ಬರ, ಮದುವೆಯ ಮಂದಿ, ಎಲ್ಲವನ್ನೂ ಅದು ಹೊತ್ತಿದೆ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಕರ್ನೂಲು ನಗರವೇ ಮುಳುಗಿದಾಗ, ಹೊಳೆಯ ದಂಡೆಯ ಹಳ್ಳಿಗಳಿಂದ ಮುದುಕರನ್ನೂ ಮಕ್ಕಳನ್ನೂ ಎತ್ತರದ ಜಾಗಕ್ಕೆ ತಂದದ್ದೂ ಅದೇ. ಅಣ್ಣನಿಗೆ ಆ ಲಾರಿಯ ಮೇಲಿರುವ ಮಮತೆಯನ್ನು ವಿವರಿಸಬೇಕಾಗಿಲ್ಲ. ಅವನ ಮಗನಿಗೆ ಮಾತ್ರ ಅದು ಬರಿಯ ಕಬ್ಬಿಣ. ಕರ್ನೂಲಿನಲ್ಲಿ ಡಿಪ್ಲೊಮಾ ಓದಿ ಬಂದಿರುವ ಹುಡುಗ, ಬುದ್ಧಿವಂತ. “ಚಿಕ್ಕಪ್ಪಾ, ಇದನ್ನ ಗುಜರಿಗೆ ಹಾಕಿ ಚಿಕ್ಕದೊಂದು ಹೊಸ ಗಾಡಿ ಕಂತಿನ ಮೇಲೆ ತಗೊಳ್ಳೋಣ, ಅಪ್ಪನಿಗೆ ನೀವೇ ಹೇಳಿ” ಎಂದು ನಮ್ಮ ಹಿಂದೆ ಬಿದ್ದಿದ್ದ. ಗುಜರಿಯವನೊಬ್ಬನೊಡನೆ ಮಾತನಾಡಿಯೂ ಬಂದಿದ್ದನೆಂದು ಆಮೇಲೆ ತಿಳಿಯಿತು.

ಲಾರಿಯ ಕಾಯಿಲೆ ಹೀಗಿತ್ತು. ಬೆಳಿಗ್ಗೆ ಚಾಲೂ ಮಾಡಿದೊಡನೆ ಇಂಜಿನ್ ಕುಂಟುವುದು. ಇಡೀ ಕ್ಯಾಬಿನ್ ಗಡಗಡ ನಡುಗುವುದು. ಸೈಲೆನ್ಸರಿನಿಂದ ಬಿಳಿಯ ಹೊಗೆ. ಹತ್ತು ನಿಮಿಷದಲ್ಲಿ ಕುಂಟು ಕಡಿಮೆಯಾಗುವುದು, ಪೂರ್ತಿ ಹೋಗದು. ಲೋಡು ಹಾಕಿ ಗೂಡೂರಿನ ಕಡೆಗೆ ಹೊರಟರೆ ಏರು ಬಂದಲ್ಲೆಲ್ಲ ರೇಡಿಯೇಟರು ಕುದಿಯುವುದು. ಒಂದು ಸಲ ಹೋಗಿ ಬರುವಷ್ಟರಲ್ಲಿ ಒಂದು ಬಕೆಟ್ಟು ನೀರು ಕುಡಿಯುವುದು. ಆದರೆ ನೆಲದ ಮೇಲೆ ಒಂದು ತೊಟ್ಟೂ ಸೋರಿದ ಗುರುತಿಲ್ಲ.

ನಾವು ರಜೆಗೆ ಕೈಹಾಕುವ ಮೊದಲೇ ಎರಡು ಚಿಕಿತ್ಸೆಗಳು ನಡೆದಿದ್ದವು. ಒಂದು ವರ್ಕ್‌ಶಾಪಿನವರು ಕುಂಟುವುದನ್ನು ಕೇಳಿ ಆರು ನಾಜಲ್ಲುಗಳನ್ನೂ ಬದಲಾಯಿಸಿ ಹಣ ಪಡೆದಿದ್ದರು. ಕುಂಟು ನಿಲ್ಲದಿರಲು ಡೀಸೆಲ್ ಪಂಪನ್ನೇ ಬಿಚ್ಚಬೇಕೆಂದಿದ್ದರು. ಇನ್ನೊಬ್ಬ ದಾರಿಬದಿಯ ಮೇಸ್ತ್ರಿ ಕುದಿಯುವುದನ್ನು ನೋಡಿ ಥರ್ಮೋಸ್ಟಾಟನ್ನು ಕಿತ್ತು ಬಿಸಾಡಿ, “ಇನ್ನು ನೀರು ಧಾರಾಳವಾಗಿ ಹರಿಯುತ್ತದೆ” ಎಂದು ಧೈರ್ಯ ಹೇಳಿ ಕಳಿಸಿದ್ದ. ಒಬ್ಬರು ಕುಂಟನ್ನು ಮಾತ್ರ ನೋಡಿದರು, ಇನ್ನೊಬ್ಬರು ಬಿಸಿಯನ್ನು ಮಾತ್ರ. ಎರಡೂ ಒಂದೇ ದೇಹದಲ್ಲಿವೆಯೆಂಬುದನ್ನು ಯಾರೂ ಎಣಿಸಲಿಲ್ಲ.

ನಾವೇನೂ ಅವರಿಗಿಂತ ಜಾಣರಾಗಲಿಲ್ಲ. ಡೀಸೆಲ್ಲಿನಲ್ಲಿ ಗಾಳಿ ಸೇರಿರಬೇಕೆಂದು ತೀರ್ಮಾನಿಸಿ ಹುಡುಗನನ್ನು ಕೂಡಿಸಿಕೊಂಡು ಫಿಲ್ಟರಿನ ತಿರುಪು ಸಡಿಲಿಸಿ ಗಾಳಿ ತೆಗೆದೆವು. ಅರ್ಧ ದಿನ ಹೋಯಿತು, ಮೈಗೆಲ್ಲ ಡೀಸೆಲ್ಲಾಯಿತು, ಲಾರಿ ಇದ್ದ ಹಾಗೆಯೇ ಕುಂಟಿತು. ಬಿಸಿಲಿನ ಮೇಲೆ ತಪ್ಪು ಹೊರಿಸುವ ಹಾಗೂ ಇರಲಿಲ್ಲ. ನಮ್ಮ ಕಡೆ ಮೇ ತಿಂಗಳಲ್ಲಿ 42, 43 ಡಿಗ್ರಿ ಕಾಯುತ್ತದೆಂಬುದು ನಿಜ; ಆದರೆ ಇದು ಮಳೆ ಬಿದ್ದ ಮೇಲಿನ ಆಶ್ವಯುಜ ಮಾಸ.

ಹೊಲದಲ್ಲಿ ಉಳ್ಳಾಗಡ್ಡಿ ಕಿತ್ತು ರಾಶಿ ಹಾಕಿತ್ತು. ಮೋಡ ಮುಸುಕಿದ ದಿನಗಳು. ಒದ್ದೆಯಾದ ಗಡ್ಡೆ ಚೀಲದಲ್ಲಿ ಎಷ್ಟು ಬೇಗ ಕೊಳೆಯುತ್ತದೆಂಬುದನ್ನು ಬೆಳೆದವರೇ ಬಲ್ಲರು. ಕರ್ನೂಲಿನ ಮಾರುಕಟ್ಟೆಯ ಧಾರಣೆಯಂತೂ ಯಾರ ಮನೆಯ ಕಷ್ಟವನ್ನೂ ಕೇಳಿಕೊಂಡು ಕೂರುವುದಿಲ್ಲ. ಎರಡು ಲೋಡನ್ನು ಬಾಡಿಗೆ ಲಾರಿಯಲ್ಲಿ ಕಳಿಸಿದೆವು. ಬಾಡಿಗೆ ಕೊಟ್ಟ ದಿನ ರಾತ್ರಿ ಅಣ್ಣ ಊಟ ಮಾಡಲಿಲ್ಲ.

ಕಡೆಗೆ ಅತ್ತಿಗೆಯವರೇ, “ಮಾವನವರ ಕಾಲದ ಆ ಉಸ್ತಾದರು ಇನ್ನೂ ಇದ್ದಾರಲ್ಲ, ಕೋಡುಮೂರಿನಲ್ಲಿ” ಎಂದು ನೆನಪಿಸಿದರು. ಎಪ್ಪತ್ತು ದಾಟಿದ ಸಾಹೇಬರು. ಕೈ ನಡುಗುತ್ತದೆಂದು ಅಂಗಡಿಯನ್ನು ಮಗನಿಗೆ ಬಿಟ್ಟಿದ್ದಾರೆ. ಫೋನಿನಲ್ಲಿ ವಿಷಯವನ್ನೆಲ್ಲ ಕೇಳಿ ಒಂದೇ ಮಾತು ಹೇಳಿದರು: “ಇವತ್ತು ರಾತ್ರಿ ಯಾರೂ ಗಾಡಿ ಚಾಲೂ ಮಾಡಬೇಡಿ. ತಣ್ಣಗಿರುವಾಗ ನಾನು ನೋಡಬೇಕು.” ಮರುದಿನ ಸೂರ್ಯೋದಯಕ್ಕೆ ಮೊದಲೇ ಮಗನ ಬೈಕಿನ ಹಿಂದೆ ಕುಳಿತು ಬಂದರು. ಅವರ ಪರೀಕ್ಷೆಯ ಕ್ರಮವನ್ನು ನಾವು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ. ವಿಜ್ಞಾನದ ಪಾಠ ಮಾಡುವ ನಮಗೆ ಅಂಥ ಪಾಠ ತರಬೇತಿಯ ಶಾಲೆಯಲ್ಲಿಯೂ ಸಿಕ್ಕಿರಲಿಲ್ಲ.

ಮೊದಲು ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು ಬಾಯಿಯವರೆಗೆ ನೀರು ತುಂಬಿಸಿದರು. ಮುಚ್ಚಳವನ್ನು ಹಾಕದೆಯೇ ಇಂಜಿನ್ ಚಾಲೂ ಮಾಡಿಸಿದರು. ಇಂಜಿನ್ ಇನ್ನೂ ತಣ್ಣಗೇ ಇತ್ತು, ನೀರು ಕುದಿಯುವ ಪ್ರಶ್ನೆಯೇ ಇಲ್ಲ. ಆದರೂ ನೀರಿನಲ್ಲಿ ಗುಳುಗುಳು ಎಂದು ಗುಳ್ಳೆಗಳು ಏಳತೊಡಗಿದವು. ಎಕ್ಸಲೇಟರ್ ಒತ್ತಿದಷ್ಟೂ ಹೆಚ್ಚಾದವು. “ಇದು ಆವಿಯಲ್ಲ ಹೆಡ್ ಮೇಷ್ಟ್ರೇ, ಒಳಗಿನ ಹೊಗೆ” ಎಂದರು. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇರುವುದಿಲ್ಲ. ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಒತ್ತಿದಾಗ ಅದು ಕಾಯುತ್ತದೆ; ಆ ಕಾವಿಗೆ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಸಾಧಿಸಿ ತೋರಿಸಿದ್ದು ಇದನ್ನೇ. ಅಷ್ಟು ಒತ್ತಡವನ್ನೂ ಅದರ ಪಕ್ಕದಲ್ಲಿಯೇ ಹರಿಯುವ ತಂಪಿನ ನೀರನ್ನೂ ಬೇರೆ ಬೇರೆಯಾಗಿ ಇಡುವುದು ಇಂಜಿನ್ನಿನ ಬ್ಲಾಕಿಗೂ ಹೆಡ್ಡಿಗೂ ನಡುವೆ ಇರುವ ತೆಳ್ಳನೆಯ ಒಂದು ಹಾಳೆ, ಅದೇ ಹೆಡ್ ಗ್ಯಾಸ್ಕೆಟ್. ಅದು ಒಂದು ಕಡೆ ಸುಟ್ಟರೂ ಸಾಕು, ಇಂಜಿನ್ ನಡೆಯುವಾಗ ಹೊಗೆ ನೀರಿಗೆ ನುಗ್ಗುತ್ತದೆ. ನಿಂತ ಮೇಲೆ ನೀರು ಸಿಲಿಂಡರಿಗೆ ಜಿನುಗುತ್ತದೆ.

ಹುಡುಗ ಒಪ್ಪಲಿಲ್ಲ. “ಕುಂಟುವುದಕ್ಕೆ ಹೊಸ ನಾಜಲ್ಲೇ ಕೆಟ್ಟದ್ದಿರಬಹುದಲ್ಲ, ತಾತಾ?” ಎಂದ. ಉಸ್ತಾದರು ಸಿಟ್ಟಾಗಲಿಲ್ಲ. ಕನ್ನಡಕ ಏರಿಸಿಕೊಂಡು, ಇಂಜಿನ್ ನಿಧಾನವಾಗಿ ನಡೆಯುತ್ತಿರುವಾಗ ಒಂದೊಂದೇ ನಾಜಲ್ಲಿನ ಪೈಪಿನ ನಟ್ಟನ್ನು ಬಟ್ಟೆ ಮುಚ್ಚಿ ಸ್ವಲ್ಪ ಸಡಿಲಿಸುತ್ತ, ಮತ್ತೆ ಬಿಗಿಯುತ್ತ ಹೋದರು. ಸಡಿಲಿಸಿದಾಗ ಆ ಸಿಲಿಂಡರಿಗೆ ಡೀಸೆಲ್ ನಿಲ್ಲುತ್ತದೆ. ದುಡಿಯುತ್ತಿದ್ದ ಸಿಲಿಂಡರಾದರೆ ಇಂಜಿನ್ನಿನ ಸದ್ದು ತಟ್ಟನೆ ಕುಗ್ಗುತ್ತದೆ. ಒಂದರಿಂದ ಐದರವರೆಗೆ ಹಾಗೆಯೇ ಆಯಿತು. ಆರನೆಯದನ್ನು ಸಡಿಲಿಸಿದಾಗ ಸದ್ದಿನಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಸೋಮಾರಿ ಸಿಕ್ಕಿಬಿದ್ದಿದ್ದ. (ಇದನ್ನು ಓದಿ ಯಾರೂ ಬರಿಗೈಯಿಂದ ಪ್ರಯತ್ನಿಸಬಾರದು. ಆ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 200 ಕೆ.ಜಿ. ಆಸುಪಾಸಿನ ಒತ್ತಡವಿರುತ್ತದೆ, ಆ ಎಳೆ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗಬಲ್ಲದು.)

ಆಮೇಲೆ ಇಂಜಿನ್ ನಿಲ್ಲಿಸಿ ಐದನೆಯ ನಾಜಲ್ಲನ್ನು ಆರಕ್ಕೂ ಆರನೆಯದನ್ನು ಐದಕ್ಕೂ ಹಾಕಿದರು. ಬೇರೆ ಏನನ್ನೂ ಮುಟ್ಟಲಿಲ್ಲ. “ಕಾಯಿಲೆ ನಾಜಲ್ಲಿನ ಜೊತೆಗೆ ಐದಕ್ಕೆ ಹೋದರೆ ನಿನ್ನ ಮಾತು ಸರಿ. ಇಲ್ಲೇ ಕುಳಿತರೆ ನನ್ನ ಮಾತು ಸರಿ” ಎಂದರು. ಚಾಲೂ ಮಾಡಿ ನೋಡಿದರೆ ಕಾಯಿಲೆ ಆರರಲ್ಲಿಯೇ ಕುಳಿತಿತ್ತು. ಹುಡುಗನ ಮುಖ ನೋಡಬೇಕಾಗಿತ್ತು! ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದವರು ನಾವು. ಆರು ನಾಜಲ್ಲುಗಳನ್ನೂ ಒಟ್ಟಿಗೆ ಬದಲಾಯಿಸಿದ ಬಿಲ್ಲನ್ನು ನೋಡಿದಾಗ ನಮಗೇಕೆ ಅದು ಹೊಳೆಯಲಿಲ್ಲವೋ.

ಇನ್ನೊಂದು ಗುರುತನ್ನು ಮರುದಿನ ಬೆಳಿಗ್ಗೆ ತೋರಿಸಿದರು. ರಾತ್ರಿಯೆಲ್ಲ ನಿಂತ ಇಂಜಿನ್ನಿನ ಆರನೆಯ ನಾಜಲ್ಲನ್ನು ಬಿಚ್ಚಿ, ಎಲ್ಲರನ್ನೂ ದೂರ ನಿಲ್ಲಿಸಿ, ಸೆಲ್ಫು ಹೊಡೆಸಿದರು. ಆ ತೂತಿನಿಂದ ಪಿಚಕಾರಿಯಂತೆ ನೀರು ಚಿಮ್ಮಿತು. ಹಾಗೆಯೇ ಚಾಲೂ ಮಾಡಿದ್ದರೆ ಏನಾಗುತ್ತಿತ್ತೆಂದು ಕೇಳಿದೆವು. ನೀರನ್ನು ಗಾಳಿಯಂತೆ ಒತ್ತಲು ಬರುವುದಿಲ್ಲ. ಇನ್ನಷ್ಟು ತುಂಬಿಕೊಂಡಿದ್ದ ಒಂದು ದಿನ ಕನೆಕ್ಟಿಂಗ್ ರಾಡು ಬಾಗಿ ಇಂಜಿನ್ನೇ ಹೋಗುತ್ತಿತ್ತೆಂದರು. ಡಿಪ್‌ಸ್ಟಿಕ್ ಎಳೆದು ತೋರಿಸಿದರು. ಆಯಿಲ್ಲು ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತಿತ್ತು.

ಗ್ಯಾಸ್ಕೆಟ್ ತಂದು ಹಾಕಿದರೆ ಮುಗಿಯಿತಲ್ಲ ಎಂದು ನಾವು ಆತುರಪಟ್ಟೆವು. ಅವರು ಕೇಳಲಿಲ್ಲ. “ಗ್ಯಾಸ್ಕೆಟ್ ಸುಮ್ಮನೆ ಸುಡುವುದಿಲ್ಲ. ಗಾಡಿ ಮೊದಲು ಕಾದಿದೆ, ಆಮೇಲೆ ಸುಟ್ಟಿದೆ. ಯಾಕೆ ಕಾಯಿತು, ಅದನ್ನ ಹೇಳಿ” ಎಂದು ಅಣ್ಣನ ಕಡೆಗೆ ನೋಡಿದರು. ಅಣ್ಣ ಬೇವಿನ ಮರದ ಕಡೆಗೆ ನೋಡಿದ.

ಹುಡುಗ ಟಾರ್ಚು ಹಿಡಿದು ಡ್ಯಾಷ್‌ಬೋರ್ಡಿನ ಕೆಳಗೆ ತಲೆ ಹಾಕಿದ್ದ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಎರಡು ವರ್ಷದಿಂದ ಸತ್ತಿತ್ತು. ಮೀಟರು ಕೆಟ್ಟಿದೆಯೆಂದು ಅಣ್ಣ ಹೇಳುತ್ತಿದ್ದ, ನಾವು ನಂಬಿದ್ದೆವು. “ಚಿಕ್ಕಪ್ಪಾ, ಮೀಟರ್ ಕೆಟ್ಟಿಲ್ಲ. ವೈರು ಬಿಚ್ಚಿ, ತುದಿಗೆ ಟೇಪು ಸುತ್ತಿಟ್ಟಿದ್ದಾರೆ” ಎಂದ ಹುಡುಗ. ಯಾರು ಸುತ್ತಿದ್ದೆಂದು ಯಾರೂ ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅಣ್ಣನೇ ಹೇಳಿದ: “ಮುಳ್ಳು ಕೆಂಪಿಗೆ ಹೋಗೋದನ್ನ ನೀವು ಯಾರಾದರೂ ನೋಡಿದ್ರೆ ಗಾಡಿ ಮಾರಿಸಿಬಿಡ್ತಿದ್ರಿ. ಅಪ್ಪನ ಗಾಡಿ.” ಬೇಸಿಗೆಯಲ್ಲಿ ಅವನ ಬಲಗೈ ಬೆಂದಿತ್ತು. ಸೈಲೆನ್ಸರ್ ತಗುಲಿತೆಂದು ಅತ್ತಿಗೆಯವರಿಗೆ ಹೇಳಿದ್ದ. ಅದು ಕುದಿಯುತ್ತಿದ್ದ ರೇಡಿಯೇಟರಿನ ಮುಚ್ಚಳ ತೆಗೆದದ್ದೆಂದು ಆ ದಿನ ತಿಳಿಯಿತು. ಅತ್ತಿಗೆಯವರು ಏನೂ ಅನ್ನದೆ ಒಳಗೆ ಹೋದರು.

ಆ ಮುಚ್ಚಳದ ವಿಷಯ ನಾಲ್ಕು ಮಾತು. ಅದರ ಸ್ಪ್ರಿಂಗು ಒಳಗಿನ ನೀರನ್ನು ಒತ್ತಡದಲ್ಲಿಡುತ್ತದೆ, ಅರ್ಧ ಕೆ.ಜಿ.ಯಷ್ಟು ಒತ್ತಡವಿದ್ದರೂ ನೀರು 100 ಡಿಗ್ರಿಗಲ್ಲ, ಸುಮಾರು 110 ಡಿಗ್ರಿಗೆ ಕುದಿಯುತ್ತದೆ. ಬಿಸಿಯಲ್ಲಿ ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ ಅಷ್ಟೂ ನೀರು ಒಮ್ಮೆಗೇ ಉಕ್ಕಿ ಮುಖಕ್ಕೆ ಎರಚುತ್ತದೆ. ಇಂಜಿನ್ ನಿಲ್ಲಿಸಿ, ಬರಿಗೈಯಿಂದ ಮುಟ್ಟುವಷ್ಟು ತಣ್ಣಗಾಗುವವರೆಗೆ ಅದನ್ನು ಮುಟ್ಟಬಾರದು. ಆಮೇಲೂ ದಪ್ಪ ಬಟ್ಟೆ ಹಾಕಿ, ಮೊದಲ ತಿರುವಿಗೆ ನಿಲ್ಲಿಸಿ, ಉಸಿರು ಹೋಗಲು ಬಿಟ್ಟು ತೆಗೆಯಬೇಕು. ಮನೆಯ ಹುಡುಗರಿಗೆ ಇದನ್ನು ತಪ್ಪದೆ ಹೇಳಿಡಿ.

ನಮ್ಮ ತಪ್ಪನ್ನೂ ಇಲ್ಲಿಯೇ ಹೇಳಬೇಕು. ಹಿಂದಿನ ಬೇಸಿಗೆಯಲ್ಲಿ ಮದುವೆಯೊಂದಕ್ಕೆ ಮಂದಿಯನ್ನು ಕರೆದೊಯ್ಯುವಾಗ ಲಾರಿ ಕುದಿದು ನಿಂತಿತು. ಮುಹೂರ್ತ ಮೀರುತ್ತದೆಂದು ಅವಸರಪಡಿಸಿದವರು ನಾವೇ. ಉಗಿಯೆಲ್ಲ ಹೋದ ಮೇಲೆ ಇನ್ನೂ ಕೆಂಡದಂತಿದ್ದ ಇಂಜಿನ್ನಿಗೆ ಕೊಡದಿಂದ ತಣ್ಣೀರು ಹೊಯ್ದವರೂ ನಾವೇ. ಕಾದ ಬೀಡುಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಏನಾಗುತ್ತದೆಂದು ಎಂಟನೆಯ ತರಗತಿಯ ಹುಡುಗನೂ ಹೇಳಿಯಾನು. ಹೆಡ್ಡು ಇಳಿಸಿದ ಮೇಲೆ ಉಸ್ತಾದರು ಅದರ ಮೇಲೆ ನೇರವಾದ ಉಕ್ಕಿನ ಪಟ್ಟಿಯನ್ನಿಟ್ಟು ಬೆಳಕಿಗೆ ಹಿಡಿದರು. ಆರನೆಯ ಸಿಲಿಂಡರಿನ ಬಳಿ ಪಟ್ಟಿಯ ಕೆಳಗೆ ಬೆಳಕು ಕಾಣಿಸಿತು. ಆ ಡೊಂಕಿನಲ್ಲಿ ನಮ್ಮ ಪಾಲೂ ಇದೆ.

ಇನ್ನು ಕಾಯಲು ಮೂಲ ಕಾರಣ. ರೇಡಿಯೇಟರನ್ನು ಇಳಿಸಿದಾಗ ಅದರ ಮುಂಭಾಗದ ಸಣ್ಣ ರೆಕ್ಕೆಗಳ ನಡುವೆ ಕಂಬಳಿ ಹೊದಿಸಿದಂತೆ ಏನೋ ಅಂಟಿತ್ತು. ಬೆರಳಿನಿಂದ ಎಳೆದರೆ ಉಳ್ಳಾಗಡ್ಡಿಯ ಸಿಪ್ಪೆ, ಹತ್ತಿಯ ಎಳೆ, ಅವೆರಡನ್ನೂ ಹಿಡಿದಿಟ್ಟ ಎರೆಮಣ್ಣಿನ ಧೂಳು. ನಮ್ಮ ಸೀಮೆಯ ಬೆಳೆಗಳೆಲ್ಲ ಅಲ್ಲಿ ಸಂಗ್ರಹವಾಗಿದ್ದವು. ಸುಟ್ಟ ಡೀಸೆಲ್ಲಿನ ಶಾಖದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಮಾತ್ರ ಗಾಲಿಗೆ ಹೋಗುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆಗೆ ಹೋಗುತ್ತದೆ. ಉಳಿದದ್ದನ್ನು ಹೊರಹಾಕಬೇಕಾದದ್ದು ಈ ರೆಕ್ಕೆಗಳ ನಡುವೆ ಹಾಯುವ ಗಾಳಿ. ಗಾಳಿಗೆ ದಾರಿಯೇ ಇರಲಿಲ್ಲ.

ಒಳಗಿನದು ಇನ್ನೂ ಕೇಡು. ಹಿತ್ತಾಳೆಯ ಕೊಳವೆಗಳಲ್ಲಿ ಮುಕ್ಕಾಲುಪಾಲು ಬಿಳಿಯ ಸುಣ್ಣದಿಂದ ಮುಚ್ಚಿದ್ದವು. ಮನೆಯ ಕೊಳವೆಬಾವಿಯ ನೀರು ಗಡಸು. ಅನ್ನದ ಪಾತ್ರೆಗೆ ಬಿಳಿ ಪದರ ಹಿಡಿಯುತ್ತದೆಂದು ಅತ್ತಿಗೆಯವರು ದಿನಾಲೂ ಗೊಣಗುತ್ತಾರೆ. ಅದೇ ನೀರನ್ನು ಅಣ್ಣ ಬಕೆಟ್ಟುಗಟ್ಟಲೆ ಲಾರಿಗೆ ಕುಡಿಸಿದ್ದ. ನೀರು ಕಾದಾಗ ಅದರಲ್ಲಿ ಕರಗಿದ ಸುಣ್ಣ ಬೇರ್ಪಟ್ಟು ಲೋಹಕ್ಕೆ ಅಂಟುತ್ತದೆ. ಆ ಪದರ ಶಾಖವನ್ನು ಲೋಹಕ್ಕಿಂತ ಹತ್ತಾರು ಪಟ್ಟು ಕಡಿಮೆ ಸಾಗಿಸುತ್ತದೆ. ಹತ್ತಿರದಲ್ಲಿಯೇ ತುಂಗಭದ್ರೆ ಹರಿಯುತ್ತಾಳೆ. ಮದ್ರಾಸ್ ನೀರಾವರಿ ಕಂಪನಿಯವರು 1860ರ ದಶಕದಲ್ಲಿ ಸುಂಕೇಸುಲದಲ್ಲಿ ಅಣೆಕಟ್ಟಿ, ಅಲ್ಲಿಂದ ಕಡಪದವರೆಗೆ ಕಾಲುವೆ ತೋಡಿದರು. ನೀರಾವರಿಯ ಜೊತೆಗೆ ದೋಣಿಯಲ್ಲಿ ಸರಕು ಸಾಗಿಸುವ ಉದ್ದೇಶವೂ ಅವರಿಗಿತ್ತು. ದೋಣಿಗಳ ಆ ಕನಸು ನಡೆದಿದ್ದರೆ ನಮ್ಮ ಉಳ್ಳಾಗಡ್ಡಿಗೆ ರೇಡಿಯೇಟರಿನ ಚಿಂತೆಯೇ ಇರುತ್ತಿರಲಿಲ್ಲವೇನೋ! ಅದಿರಲಿ. ಹೊಳೆಯ ನೀರೂ ಇಂಜಿನ್ನಿಗೆ ಸರಿಯಲ್ಲವೆಂದರು ಉಸ್ತಾದರು. ಭಟ್ಟಿಯಿಳಿಸಿದ ನೀರಿಗೆ ಕೂಲೆಂಟನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿ ಹಾಕಬೇಕು; ಅದು ತುಕ್ಕನ್ನೂ ತಡೆಯುತ್ತದೆ. ಒಂದು ಎಚ್ಚರಿಕೆ: ಆ ಬಣ್ಣದ ದ್ರವದ ರುಚಿ ಸಿಹಿ, ಆದರೆ ಸಾಮಾನ್ಯವಾಗಿ ಸಿಗುವ ಬಗೆ ವಿಷ. ಹಳೆಯದನ್ನು ಅಂಗಳದಲ್ಲಿ ಚೆಲ್ಲಿದರೆ ನಾಯಿ, ಕರು, ಕೂಸುಗಳು ಬಾಯಿ ಹಾಕಬಹುದು.

ಥರ್ಮೋಸ್ಟಾಟ್ ಕಿತ್ತದ್ದು ಉಪಕಾರವಲ್ಲ, ಅಪಕಾರವಾಗಿತ್ತು. ಇಂಜಿನ್ ತಣ್ಣಗಿರುವಾಗ ಅದು ರೇಡಿಯೇಟರಿನ ದಾರಿಯನ್ನು ಮುಚ್ಚಿರುತ್ತದೆ. ಸುಮಾರು 80 ಡಿಗ್ರಿಗೆ ಆ ದಾರಿಯನ್ನು ತೆರೆಯುತ್ತದೆ. ನಮ್ಮಂಥ ಇಂಜಿನ್ನಿನಲ್ಲಿ ತೆರೆಯುವಾಗಲೇ ಹಿಂದಿನ ಅಡ್ಡದಾರಿಯನ್ನು ಮುಚ್ಚುವ ಕೆಲಸವೂ ಅದರದೇ. ಕಿತ್ತುಬಿಟ್ಟರೆ ಅಡ್ಡದಾರಿ ಸದಾ ತೆರೆದೇ ಇದ್ದು, ಬಿಸಿನೀರಿನ ಒಂದು ಭಾಗ ರೇಡಿಯೇಟರಿಗೆ ಹೋಗದೆ ಇಂಜಿನ್ನಿನಲ್ಲಿಯೇ ಸುತ್ತುತ್ತದೆ. ಅದರಲ್ಲೂ ರೇಡಿಯೇಟರು ಕಟ್ಟಿಕೊಂಡಿದ್ದರೆ ನೀರು ಸುಲಭದ ದಾರಿಯನ್ನೇ ಹಿಡಿಯುವುದು ಸಹಜ.

ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಹೆಡ್ಡನ್ನು ಕರ್ನೂಲಿಗೆ ಕಳಿಸಿ ಬಿರುಕಿದೆಯೇ ಎಂದು ಪರೀಕ್ಷಿಸಿ, ಮೇಲ್ಮೈ ಹೆರೆಸಿ ಸಮ ಮಾಡಿಸಿದರು, ಅದೃಷ್ಟಕ್ಕೆ ಬಿರುಕಿರಲಿಲ್ಲ. ರೇಡಿಯೇಟರಿನ ಮೇಲಿನ ಕೆಳಗಿನ ತೊಟ್ಟಿಗಳನ್ನು ಬೆಸುಗೆ ಬಿಡಿಸಿ ತೆಗೆದು ಒಂದೊಂದು ಕೊಳವೆಗೂ ಸರಳು ತೂರಿಸಿ ಸುಣ್ಣ ತೆಗೆದರು. ಹೊಸ ಗ್ಯಾಸ್ಕೆಟ್, ಥರ್ಮೋಸ್ಟಾಟ್, ಮುಚ್ಚಳ, ಫ್ಯಾನ್ ಬೆಲ್ಟು, ಆಯಿಲ್ಲು. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಆರಂಭಿಸಿ ಎರಡೂ ಕಡೆಗೆ ಸರಿಯುತ್ತ, ಮೂರು ಸುತ್ತಿನಲ್ಲಿ, ಅಳತೆಯ ಪಾನದಿಂದ ಬಿಗಿದರು. ಅಷ್ಟೂ ಹೊತ್ತು ಪಾನ ಹಿಡಿದದ್ದು ಹುಡುಗ. ಉಸ್ತಾದರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತು ಎಣಿಸುತ್ತಿದ್ದರು. ಟೇಪು ಬಿಚ್ಚಿ ಮುಳ್ಳಿನ ವೈರನ್ನು ಮತ್ತೆ ಜೋಡಿಸಿದವನೂ ಹುಡುಗನೇ. ಒಟ್ಟು ಖರ್ಚು ಪಂಪು ಬಿಚ್ಚಲು ಹೇಳಿದ್ದಕ್ಕಿಂತ ಕಡಿಮೆಯೇ ಆಯಿತು. ಲಾರಿಯನ್ನು ಮಾರುವ ಮಾತು ಮುಗಿದಿದೆಯೆಂದು ನಾವು ಹೇಳುವುದಿಲ್ಲ. ಯುಗಾದಿಯವರೆಗೆ ಯಾರೂ ಎತ್ತಬಾರದೆಂದು ಅತ್ತಿಗೆಯವರ ಆಜ್ಞೆಯಾಗಿದೆ.

ಉಳಿದಿದ್ದ ಉಳ್ಳಾಗಡ್ಡಿಯನ್ನು ಹೇರಿಕೊಂಡು ಶುಕ್ರವಾರ ಬೆಳಗಿನ ಜಾವ ಹೊರಟೆವು. ಅಣ್ಣ ಸ್ಟಿಯರಿಂಗಿನ ಮುಂದೆ, ನಾವು ನಡುವೆ, ಹುಡುಗ ಕಿಟಕಿಯ ಬಳಿ. ಗೂಡೂರಿನ ಏರಿನಲ್ಲಿ ಮೂವರ ಕಣ್ಣೂ ಮುಳ್ಳಿನ ಮೇಲೆಯೇ ಇತ್ತು. ಅದು 80ನ್ನು ದಾಟಿ ಸ್ವಲ್ಪ ಮೇಲೇರಿ ನಿಂತಿತು. ಗೂಡೂರು ದಾಟಿದ ಮೇಲೆ ಅಣ್ಣ ಯಾರೂ ಹೇಳದೆಯೇ ಲಾರಿಯನ್ನು ಬದಿಗೆ ನಿಲ್ಲಿಸಿ, ಇಳಿದು, ಮುಂದೆ ಹೋಗಿ ರೇಡಿಯೇಟರಿಗೆ ಅಂಟಿದ್ದ ನಾಲ್ಕು ಸಿಪ್ಪೆಗಳನ್ನು ಕೈಯಿಂದ ಆಯ್ದು ಬಂದ. ಕಾದ ಮೇಲೆ ಹೆಡ್ಡಿನ ನಟ್ಟುಗಳನ್ನು ಇನ್ನೊಮ್ಮೆ ನೋಡಬೇಕಂತೆ; ಅದಕ್ಕೆ ಉಸ್ತಾದರು ಬರುವ ಸೋಮವಾರ ಬರುತ್ತೇನೆಂದಿದ್ದಾರೆ.